ಕಾಶಿಗೆ ಹೋದವಳು

ಕಾಶಿ ದಾರ ಕೊಳ್ಳಲೆಂದು ಸಿಂಧನೂರಿನಿಂದ ಲಿಂಗಸುಗೂರಿಗೆ ಕಾರು ಹಾಕಿಕೊಂಡು ಬಂದ ಮೊದಲ ಗಂಡಸು ತಾನೇ ಇರಬೇಕು ಎಂದುಕೊಳ್ಳುತ್ತ ಸಂಗನಬಸವ ಬಸ್‌ಸ್ಟ್ಯಾಂಡಿನ ಎದುರಿನ ಪೂಜಾಸಾಮಾನಿನ ಅಂಗಡಿಯ ಮುಂದೆ ನಿಂತಿದ್ದ. ಸಿಂಧನೂರಿನಲ್ಲಿ ಇಂಥ ಅಂಗಡಿಗಳು ಇಲ್ಲವೆಂದಲ್ಲ, ಓಣಿಗೊಂದಿವೆ. ಆದರೆ ಅಲ್ಲಿ ಪೈಪು, ಮೋಟಾರಿನ ಅಂಗಡಿಯ ಸಂಗಣ್ಣ ಸಾಹುಕಾರ ಎಂದರೆ ಗೊತ್ತಿಲ್ಲದವರಿಲ್ಲ. ಹೆಂಡತಿ ಕಾಶಿಗೆ ಹೋಗಿದ್ದಾಳೆ ಎಂದು ಊರಿಗೆಲ್ಲ ಹೇಳಿದವನೇ ಕಾಶಿ ದಾರ ಕೊಳ್ಳುತ್ತ ನಿಂತರೆ ನೋಡಿದವರು ಏನೆಂದುಕೊಂಡಾರು? ಇಲ್ಲಿಯೂ ಅವನು ಕಪ್ಪು ಕನ್ನಡಕ ತೆಗೆದಿರಲಿಲ್ಲ. ‘ಕಾಶಿದು ಕೊಡ್ಲೋ, ತಿರುಪತಿದು ಕೊಡ್ಲೋ?’ ಎಂದು ಅಂಗಡಿಯವನು ಕೇಳಿದ. ಕಾಶಿಯದು ಎಂದಾಗ, ಎರಡಕ್ಕೂ ಇದ್ದ ಒಂದೇ ಡಬ್ಬಿಯಿಂದ ಒಂದು ಕಟ್ಟು ಕಪ್ಪು ದಾರ ತೆಗೆದು ಕೊಟ್ಟು, ‘ಗಂಗಾನೀರು ಬ್ಯಾಡೇನ್ರಿ? ಬರೇ ದಾರ ತಂದ್ರ ಮಂದಿ ನಂಬಂಗಿಲ್ಲ’ ಎಂದ. ವ್ಯಾಪಾರದ ಮಾತಾಗಿ ಹೇಳಿದನೋ, ಮುಖ ನೋಡಿ ಹೇಳಿದನೋ ತಿಳಿಯದೆ ಸಂಗನಬಸವನ ಕಿವಿ ಬಿಸಿಯಾಯಿತು. ಮೇಣ ಹಚ್ಚಿ ಬಾಯಿ ಮುಚ್ಚಿದ ತಾಮ್ರದ ಸಣ್ಣ ಗಿಂಡಿಯೊಂದನ್ನೂ ಕೊಂಡ. ದಾರದ ಪೊಟ್ಟಣ ಅಂಗಿಯ ಜೇಬಿಗೆ ಸೇರಿತು, ಗಿಂಡಿ ಕಾರಿನ ಹಿಂದಿನ ಸೀಟಿನ ಕೆಳಗೆ ಹೋಯಿತು. ಹೆಂಡತಿ ಬರುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇ ತಿಂಗಳ ಬಿಸಿಲಿಗೆ ನಿಲ್ದಾಣದ ನೆಲ ಬೂಟಿನ ಅಡಿಯಲ್ಲೂ ಸುಡುತ್ತಿತ್ತು.

ವಿಜಯಶ್ರೀ ಹೋದದ್ದು ಸ್ಲೊವೇನಿಯಾ ಎಂಬ ದೇಶಕ್ಕೆ. ಯುರೋಪಿನಲ್ಲಿ ಅಂಥದೊಂದು ದೇಶವಿದೆ ಎಂದು ಐವತ್ತೆಂಟು ವರ್ಷ ಗೊತ್ತಿಲ್ಲದೆಯೂ ಸಂಗನಬಸವನ ಬಾಳು ಚೆನ್ನಾಗಿಯೇ ನಡೆದಿತ್ತು. ಅವಳಿಗೆ ಗೊತ್ತಿತ್ತು. ಮುಕ್ಕುಂದದ ಹೈಸ್ಕೂಲಿನಲ್ಲಿ ಸಮಾಜ ಕಲಿಸುತ್ತ ವರ್ಷಾನುಗಟ್ಟಲೆ ಅದೇ ನಕಾಶೆಯ ಮುಂದೆ ಕೋಲು ಹಿಡಿದು ನಿಂತವಳು. ನಮ್ಮ ಜಿಲ್ಲೆಯಂಥವು ಎರಡು-ಮೂರು ಸೇರಿದರೆ ಮುಗಿಯಿತು, ಅಷ್ಟೇ ದೇಶ. ನೋಡಲಿಕ್ಕೆ ಓಡುವ ಕೋಳಿಯ ಹಾಗಿದೆ ಎಂದು ಅವಳು ಊಟದ ಹೊತ್ತಿಗೆ ಹೇಳಿದಾಗ ಅವನು, ‘ಲಿಂಗ ಕಟ್ಟಿದ ಮನಿಯಾಗ ಕೋಳಿ ಸುದ್ದಿ ಯಾಕ?’ ಎಂದು ನಗಿಸಿದ್ದ. ಅವಳು ನಕ್ಕಿದ್ದಳು. ನಕ್ಕು, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, ‘ನೀವೂ ಬರ್ರಿ. ಸಣ್ಣ ಗಾಡಿ ಬಾಡಿಗಿಗೆ ತಗೊಂಡ್ರ ಒಬ್ರಿಗೂ ಅಷ್ಟ, ಇಬ್ರಿಗೂ ಅಷ್ಟ’ ಎಂದಿದ್ದಳು. ಆಗ ಅವನ ಕಿವಿಯಲ್ಲಿ ಫೋನಿತ್ತು. ದಢೇಸುಗೂರಿನ ರೈತನೊಬ್ಬ ಮೋಟಾರು ಸುಟ್ಟಿತೆಂದು ಬಾಯಿ ಮಾಡುತ್ತಿದ್ದ. ಫೋನಿನ ಮೇಲೆ ಅಂಗೈ ಮುಚ್ಚಿ, ‘ಹೋಗ ನೀ, ಯಾರ ಬ್ಯಾಡ ಅಂದಾರ?’ ಎಂದು ಹೇಳಿ ಮತ್ತೆ ಮೋಟಾರಿನ ಮಾತಿಗೆ ತಿರುಗಿದ್ದ. ಹೆಂಡತಿಯರು ಕೇಳುವ ಎಷ್ಟೋ ಸಂಗತಿಗಳಿಗೆ ಗಂಡಂದಿರು ಹಾಗೆ ಹೇಳುತ್ತಾರೆ, ಯಾರೂ ಹೊರಟು ನಿಲ್ಲುವುದಿಲ್ಲ. ಇವಳು ಹೊರಟು ನಿಂತಳು. ಸ್ವಂತ ಸಂಬಳದಲ್ಲಿ ಉಳಿಸಿದ್ದು, ಎಲ್ಲಕ್ಕಿಂತ ಅಗ್ಗದ ಟಿಕೇಟು, ಬೆನ್ನಿಗೆ ಒಂದು ಚೀಲ. ಚೀಲದ ಅರ್ಧಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಅಲ್ಲಿ ಊಟಕ್ಕೆ ಬಹಳ ಖರ್ಚಾಗುತ್ತದಂತೆ. ಅವಳನ್ನು ಹೈದರಾಬಾದಿನ ಬಸ್ಸು ಹತ್ತಿಸಿ ಬಂದ ಸಂಜೆ ಅವನು ಅಂಗಡಿಯಲ್ಲಿ ಕೂತು, ಅವಳು ನಿಜವಾಗಿಯೂ ಹೋದಳು ಎಂಬುದನ್ನು ನಂಬಲಾರದೆ ಒಂದೇ ಪೈಪನ್ನು ಎರಡು ಸಲ ಅಳೆದಿದ್ದ.

ಮರುದಿನವೇ ಪಕ್ಕದ ಟಾಯರ್ ಅಂಗಡಿಯ ಗೌಸ್‌ಸಾಬ್ ಚಹಾದ ಲೋಟ ಹಿಡಿದುಕೊಂಡು ಬಂದು, ‘ಸಾಹುಕಾರ್ರ, ಟೀಚರಮ್ಮಾರು ಕಾಣವಲ್ರಲ್ಲ, ತವರಿಗಿ ಹೋಗ್ಯಾರೇನ್ರಿ?’ ಎಂದು ಕೇಳಿದ. ಸಂಗನಬಸವ ಬಾಯಿ ತೆರೆದ. ಪರದೇಶಕ್ಕೆ ಎಂದರೆ ಯಾರ ಸಂಗಡ ಎನ್ನುತ್ತಾರೆ. ಒಬ್ಬಳೇ ಎಂದರೆ ಯಾಕೆ ಎನ್ನುತ್ತಾರೆ. ಜಗಳವೇ? ಅಲ್ಲ. ನೀವು ಕರಕೊಂಡು ಹೋಗಲಿಲ್ಲವೇ? ಕರೆದವಳೇ ಅವಳು. ‘ಕಾಶಿಗೆ ಹೋಗ್ಯಾಳ’ ಎಂದುಬಿಟ್ಟ. ಗಂಡನಿಲ್ಲದೆ ಹೆಂಗಸು ಹೋದರೂ ಯಾಕೆಂದು ಯಾರೂ ಕೇಳದ ಊರು ಭೂಮಿಯ ಮೇಲೆ ಅದೊಂದೇ ಎಂಬುದು ಅವನಿಗೆ ಹೊಳೆದದ್ದು ಆಮೇಲೆ, ಬಾಯಿಗೆ ಅದು ಮೊದಲೇ ಗೊತ್ತಿತ್ತು. ಗೌಸ್‌ಸಾಬ್ ಎದೆಯ ಮೇಲೆ ಕೈಯಿಟ್ಟು, ‘ಪುಣ್ಯವಂತ್ರು ಬಿಡ್ರಿ’ ಎಂದ. ಅಷ್ಟು ಸಲೀಸಾಗಿ ಮುಗಿದುಹೋದದ್ದಕ್ಕೆ ಸಂಗನಬಸವನಿಗೆ ಖುಷಿಯಾಗಿ ಅವನಿಗೆ ಇನ್ನೊಂದು ಚಹಾ ಹೇಳಿದ. ಮಠದವರ ಬಸ್ಸಿನಲ್ಲಿ ಹೋಗಿದ್ದಾಳೆ, ಸಂಗಡ ಬಹಳ ಜನ ಹೆಂಗಸರಿದ್ದಾರೆ ಎಂಬುದು ಮುಂದಿನ ಗಿರಾಕಿಗೆ ಹೇಳುವಾಗ ತಾನಾಗಿಯೇ ಸೇರಿಕೊಂಡಿತು.

ಅವಳ ವಾಯ್ಸ್ ಮೆಸೇಜುಗಳನ್ನು ಅವನು ಗೋದಾಮಿನಲ್ಲಿ, ಪೈಪಿನ ರಾಶಿಯ ಹಿಂದೆ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದ. ‘ರೀ, ಇಲ್ಲಿ ಸ್ಟೇರಿಂಗ್ ಎಡಕ್ಕ ಐತಿ, ಗೇರು ಬಲಕ್ಕ. ಮೊದಲನೇ ದಿನ ಗೇರು ಹಾಕಾಕ ಹೋಗಿ ಬಾಗಲಾನ ತಗದ್ನಿ ನೋಡ್ರಿ.’ ನಗು. ನಕ್ಕಾಗ ಅವಳ ದನಿ ಬೇರೆಯಾಗಿತ್ತು, ಮದುವೆಯಾದ ಹೊಸದರಲ್ಲಿ ಯಾವಾಗಲೋ ಕೇಳಿದ್ದು. ಅಥವಾ ಆಗಲೂ ಕೇಳಿರಲಿಲ್ಲವೇನೋ. ‘ಇವತ್ತ ಒಂದು ಘಾಟ ಏರಿದ್ನಿ. ಐವತ್ತು ತಿರುವು ಅದಾವ, ಒಂದೊಂದು ತಿರುವಿಗೂ ನಂಬರ್ ಬರದಾರ. ಹುಡುಗ್ರಿಗೆ ಮಗ್ಗಿ ಕಲಸ್ದಂಗ ಎಣಿಸ್ಕೊಂತ ಹೋದ್ನಿ. ಮ್ಯಾಲ ಹೋಗಿ ನಿಂತ್ರ ದಾರಿ ಬಾಜೂಕ ಇನ್ನೂ ಹಿಮ ಐತ್ರಿ.’ ಇನ್ನೊಂದು ದಿನ, ‘ಇಲ್ಲೊಂದು ಹೊಳಿ ಐತಿ, ನೀರಿನ ಬಣ್ಣ ಹೆಂಗಂದ್ರ, ನೀರಿನಾಗ ಮೈಲುತುತ್ತ ಕರಗಿಸಿದ್ರ ಹೆಂಗ ಆಕ್ಕೈತಿ, ಹಂಗ. ಖರೇನ ರೀ.’ ರಾಜಧಾನಿಯಲ್ಲಿ ಅವಳು ಮಲಗಿದ್ದು ಒಂದು ಕಾಲಕ್ಕೆ ಜೈಲಾಗಿದ್ದ ಕಟ್ಟಡವಂತೆ. ಅಗ್ಗಕ್ಕೆ ಸಿಗುತ್ತದೆಂದು ಈಗ ಎಳೆಯ ಹುಡುಗ ಹುಡುಗಿಯರು ಬಂದು ತಂಗುತ್ತಾರಂತೆ. ಅವಳು ಮೇಲಿನ ಹಾಸಿಗೆಗೆ ಏಣಿ ಹತ್ತಿದಾಗ ಜರ್ಮನಿಯ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳಂತೆ. ಹೆಂಡತಿ ಜೈಲಿನಲ್ಲಿ ಅಟ್ಟ ಹತ್ತಿ ಮಲಗಿದ್ದಾಳೆ, ತಾನು ಹೊರಗೆ ಬಂದು ಗಿರಾಕಿಗೆ ವಿಶ್ವನಾಥನ ದರ್ಶನದ ಸುದ್ದಿ ಹೇಳುತ್ತಿದ್ದೇನೆ! ನಗು ಬರುತ್ತಿತ್ತು. ಆದರೆ ನಗು ಮುಗಿದ ಮೇಲೂ ಗೋದಾಮಿನಿಂದ ಹೊರಗೆ ಬರಲು ಮನಸ್ಸಾಗುತ್ತಿರಲಿಲ್ಲ. ಪ್ರತಿ ಮೆಸೇಜನ್ನೂ ಮೂರ್ನಾಲ್ಕು ಸಲ ಕೇಳುತ್ತಿದ್ದ. ಅವಳು ಎಲ್ಲಾದರೂ, ಯಾವುದಾದರೂ ಸಾಲಿನ ಕೊನೆಗೆ, ನೀವಿರಬೇಕಿತ್ತು ಎಂದಾಳೋ ಎಂದು. ಎನ್ನಲಿಲ್ಲ.

ಆಮೇಲೆ ಒಂದು ದಿನ ಮೆಸೇಜೇ ಬರಲಿಲ್ಲ. ಅಂದು ಅವನು ಏನು ತಿಂದನೋ, ಯಾರಿಗೆ ಯಾವ ಮೋಟಾರು ಮಾರಿದನೋ ನೆನಪಿಲ್ಲ. ಐವತ್ತು ತಿರುವಿನ ಘಾಟು, ಎಡಗಡೆಯ ಸ್ಟೇರಿಂಗು, ಮೈಲುತುತ್ತದ ಹೊಳೆ, ಎಲ್ಲವೂ ಸೇರಿ ಒಂದೇ ಚಿತ್ರವಾಗಿ ಕಣ್ಣಿಗೆ ಕಟ್ಟಿತು. ಫೋನು ಮಾಡಿದರೆ ಸ್ವಿಚ್ ಆಫ್. ಯಾರಿಗೆ ಹೇಳಬೇಕು? ಕಾಶಿಯಲ್ಲಿ ಇರುವವಳ ಬಗ್ಗೆ ಸಂಕಟಪಟ್ಟರೆ, ಮಠದವರಿಗೆ ಫೋನು ಹಚ್ಚಿರಿ ಎನ್ನುತ್ತಾರೆ. ಮಗಳು ಅಂಬಿಕಾ ಕಲಬುರಗಿಯ ಬ್ಯಾಂಕಿನಲ್ಲಿದ್ದಳು. ಟಿಕೇಟು ಮಾಡಿಕೊಟ್ಟವಳೂ ಅವಳೇ. ಆದರೆ ಅವಳಿಗೂ ಹೇಳದೆ ಗಾಬರಿಯನ್ನು ಒಬ್ಬನೇ ನುಂಗಿಕೊಂಡ. ತಾನು ಆಡಿದ ಸುಳ್ಳು ತನ್ನ ಭಯಕ್ಕೂ ಬಾಯಿ ಇಲ್ಲದಂತೆ ಮಾಡಿತಲ್ಲ ಎಂದು ಮೊದಲ ಬಾರಿಗೆ ಅನಿಸಿದ್ದು ಅಂದು. ಮಾರನೆಯ ದಿನ ಉದ್ದನೆಯ ಮೆಸೇಜು ಬಂತು. ಕೆರೆ, ಗುಡ್ಡ, ಹುಲ್ಲು ಒಣಗಿಸಲು ಅಲ್ಲಿನ ರೈತರು ಕಟ್ಟುವ ಕಟ್ಟಿಗೆಯ ಚೌಕಟ್ಟು, ಎಲ್ಲ ಹೇಳಿದಳು. ಕೊನೆಗೆ, ‘ನಿನ್ನೆ ಫೋನು ಬಂದ್ ಬಿದ್ದಿತ್ರಿ’ ಎಂದಳು. ಆ ನಾಲ್ಕು ಮಾತನ್ನು ಅವನು ಎಷ್ಟು ಸಲ ಕೇಳಿದನೆಂದರೆ, ಅದರೊಳಗೆ ಒಂದು ಸಣ್ಣ ತಡೆ ಇರುವುದು ಕೇಳಿಸತೊಡಗಿತು. ಅವಳು ಸುಳ್ಳು ಹೇಳುವಾಗ ಹಾಗೆ ತಡೆದು ಹೇಳುತ್ತಾಳೆ. ಅಲ್ಲಿ ಅವಳಿಗೆ ಹಿತವಾಗಿದೆ, ಇಲ್ಲಿಗಿಂತ ಹಿತವಾಗಿದೆ, ಬರಲೇಬೇಕಲ್ಲ ಎಂದು ಬರುತ್ತಾಳೆ. ಗೋದಾಮಿನ ಕತ್ತಲಲ್ಲಿ ಈ ಮಾತು ಬಂದು ಅವನ ಪಕ್ಕದಲ್ಲಿ ಕೂತುಕೊಂಡಿತು, ಅಲ್ಲಿಂದ ಏಳಲೇ ಇಲ್ಲ.

ಕಾಶಿಯ ಸುದ್ದಿ ಮಸ್ಕಿಗೆ ಮುಟ್ಟಿದ್ದು ಯಾರ ಬಾಯಿಯಿಂದಲೋ, ಅವನಂತೂ ಹೇಳಿರಲಿಲ್ಲ. ಮಸ್ಕಿಯಲ್ಲಿ ಅವನ ಅಕ್ಕ ಕಸ್ತೂರೆಮ್ಮ ಇದ್ದಳು. ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಅವ್ವ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವಳು. ಫೋನಿನಲ್ಲಿ ಅತ್ತೇಬಿಟ್ಟಳು. ‘ನಮ್ಮ ಮನಿತನದಾಗ ಯಾರೂ ಹೋಗಿರಲಿಲ್ಲ ಸಂಗಣ್ಣ, ಆಕಿ ಹೋಗ್ಯಾಳ. ಬರುವಾಗ ಮೊದಲ ನನ್ನ ಮನಿಗೆ ಕರಕೊಂಡು ಬಾ. ನಾನ ಕಾಲು ತೊಳೀತೀನಿ.’ ಆ ಮನೆಯ ಪದ್ಧತಿ ಅದು. ಕಾಶಿಗೆ ಹೋಗಿ ಬಂದವರು ಹೊಸ್ತಿಲು ದಾಟುವ ಮೊದಲು ಮನೆಯ ಹಿರಿಯರು ಅವರ ಕಾಲು ತೊಳೆಯಬೇಕು. ಬಂದವರು ವಯಸ್ಸಿನಲ್ಲಿ ಎಷ್ಟೇ ಸಣ್ಣವರಿರಲಿ, ಗಂಗೆಯಲ್ಲಿ ನಿಂತು ಬಂದ ಕಾಲು ದೊಡ್ಡದು. ಆಗ ಹೇಳಬಹುದಿತ್ತು. ಅಕ್ಕಾ, ಕಾಶಿಯಲ್ಲ ಎಂದು ನಾಲ್ಕಕ್ಷರ. ಅವಳು ಅಷ್ಟು ಸಂತೋಷಪಟ್ಟು ಎಷ್ಟು ವರ್ಷವಾಗಿತ್ತೋ. ‘ಹೂಂ ಅಕ್ಕ’ ಎಂದ. ಇಂದು ಮುಂಜಾನೆ ಸಿಂಧನೂರಿನಿಂದ ಬರುವಾಗ, ಟಾರು ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದವರನ್ನು ಬಳಸಿಕೊಂಡು ಮಸ್ಕಿಯನ್ನು ದಾಟುವಾಗ, ಅಕ್ಕನ ಓಣಿಯ ಕಡೆ ಮುಖ ತಿರುಗಿಸದೆ, ಉಸಿರು ಬಿಗಿಹಿಡಿದು ದಾಟಿದ್ದ. ವಿಜಯಶ್ರೀಗೆ ಕಾರಿನಲ್ಲೇ ಹೇಳಿಬಿಡುವುದು, ಅವಳು ಬೈದರೆ ಬೈಸಿಕೊಳ್ಳುವುದು, ಮಸ್ಕಿ ಬರುವುದರೊಳಗೆ ಒಪ್ಪಿಸುವುದು. ಅಷ್ಟು ದೂರದ ದಾರಿ ಸಾಲದೇ?

ಹೈದರಾಬಾದಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಸಿಂಧನೂರಿನ ಬಸ್ಸಿನಲ್ಲಿ ಸೀಟು ಸಿಗದೆ ಅವಳು ಇದನ್ನು ಹತ್ತಿದ್ದಳು. ಮೊದಲು ಇಳಿದದ್ದು ಬೂಟು ಹಾಕಿದ ಒಂದು ಕಾಲು, ಆಮೇಲೆ ಚೀಲ, ಆಮೇಲೆ ಅವಳು. ಚೂಡಿದಾರ, ಎಣ್ಣೆ ಕಾಣದ ಕೂದಲು, ಸಿಪ್ಪೆ ಸುಲಿದ ಮೂಗು. ಅವನು ಮಾತಾಡಿಸುವ ಮೊದಲು ಒಂದು ಗಳಿಗೆ ಸುಮ್ಮನೆ ನಿಂತು ನೋಡಿದ. ಎಡಗೈ ಬಲಗೈಗಿಂತ ಕಪ್ಪಾಗಿತ್ತು. ಅಲ್ಲಿ ಗಾಡಿ ಓಡಿಸುವವರ ಕಿಟಕಿ ಎಡಗಡೆಗೆ ಎಂಬುದು ಆಗ ಹೊಳೆಯಿತು. ಒಬ್ಬಳೇ ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು ಹೋದ ದಿನಗಳೆಲ್ಲ ಆ ಕೈಯ ಮೇಲೆ ಇದ್ದವು. ಅವನಿಗೆ ಆ ಕೈಯನ್ನು ಮುಟ್ಟಬೇಕೆನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಹೇಗೆ ಮುಟ್ಟುವುದು? ಚೀಲ ಇಸಕೊಂಡ. ‘ಸೊರಗೀರಲ್ರಿ’ ಎಂದಳು ಅವಳು. ‘ನೀ ಕರ್ರಗಾಗೀದಿ’ ಎಂದ ಅವನು. ಇಷ್ಟು ದಿನದ ಮೇಲೆ ಆಡಲು ಇದೇ ಮಾತು ಸಿಕ್ಕಿತೇ ಎಂದು ಕಾರಿನ ಬಾಗಿಲು ತೆಗೆಯುವಾಗ ತನ್ನನ್ನೇ ಬೈದುಕೊಂಡ.

ಊರು ದಾಟಿ ಬಯಲಿಗೆ ಬಂದ ಮೇಲೆ ಅವಳು ಕಿಟಕಿ ಇಳಿಸಿದಳು. ಬಿಸಿಗಾಳಿ ಬಡಿಯಿತು, ಏರಿಸಲಿಲ್ಲ. ಎದುರಿನಿಂದ ಲಾರಿ ಬಂದಾಗಲೆಲ್ಲ ಅವಳ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಒಂದು ಸಲವಂತೂ ‘ಬಲಕ್ಕ, ಬಲಕ್ಕ’ ಎಂದು ಕೂಗಿ, ಆಮೇಲೆ ತಾನೇ ನಕ್ಕಳು. ಅವನೂ ನಕ್ಕ. ಈಗ ಹೇಳಬೇಕು ಎಂದುಕೊಂಡ. ಅಷ್ಟರಲ್ಲಿ ಅವಳೇ, ‘ಮಂದಿಗೆ ಹೇಳೀರೇನ್ರಿ, ನಾ ಹೋಗಿದ್ದು?’ ಎಂದಳು. ಕೇಳುವಾಗ ಅವನ ಕಡೆ ನೋಡಲಿಲ್ಲ, ಬಸ್ಸಿನ ಧೂಳು ಕೊಡವುವವಳ ಹಾಗೆ ಓಢಣಿ ಕೊಡವಿದಳು. ‘ಎಲ್ಲರೂ ಕೇಳಿದ್ರು’ ಎಂದ. ‘ಅಕ್ಕಾರಿಗೆ?’ ‘ಹೂಂ.’ ‘ಬೈದ್ರ?’ ‘ಇಲ್ಲ. ಖುಷಿ ಆಗ್ಯಾಳ. ಅತ್ಲು.’ ಒಂದೂ ಸುಳ್ಳಲ್ಲ. ಸುಳ್ಳಲ್ಲದ ಮಾತುಗಳನ್ನೇ ಜೋಡಿಸಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಅವನ ಕಡೆ ಪೂರಾ ತಿರುಗಿ ಕೂತಳು. ಮುಖದ ಮೇಲೆ ಬಂದ ಬೆಳಕನ್ನು ನೋಡಲಾರದೆ ಅವನು ರಸ್ತೆಯನ್ನೇ ನೋಡಿದ. ‘ಖರೇನ? ನಾ ಏನೇನೋ ತಿಳ್ಕೊಂಡಿದ್ನಿ ರೀ. ನಿಮಗ ನಾಚಿಕಿ ಆಗಿರತೈತಿ, ಯಾರಿಗೂ ಹೇಳಿರಂಗಿಲ್ಲ ಅಂತ ತಿಳ್ಕೊಂಡಿದ್ನಿ. ಅಕ್ಕಾರಿಗಂತ ಜೇನು ತಂದೀನಿ. ಫೋಟೋ ತೋರಸ್ತೀನಿ. ಆ ಐವತ್ತು ತಿರುವಿಂದು ಅಕ್ಕಾರಿಗೆ ತೋರಸಬೇಕು.’ ಮಾತಾಡುತ್ತ ಅವಳ ಕೈ ಗೇರಿನ ಮೇಲಿದ್ದ ಅವನ ಕೈಯ ಮೇಲೆ ಬಂದು ಕೂತಿತು. ಆ ಕಪ್ಪಾಗದ ಬಲಗೈ. ಅವನು ಗೇರು ಬದಲಿಸಬೇಕಿತ್ತು, ಬದಲಿಸಲಿಲ್ಲ, ಕಾರು ಗೊರಗೊರ ಎನ್ನುತ್ತ ಏರು ಹತ್ತಿತು.

ಇನ್ನೇನು ಹೇಳಿಬಿಡಬೇಕು ಎನ್ನುವಾಗ ಅಕ್ಕನ ಫೋನು ಬಂತು. ಕಾರಿನ ಸ್ಪೀಕರಿನಲ್ಲಿ, ‘ಎಲ್ಲಿಗಿ ಬಂದ್ರೋ? ನೀರು ಕಾಸಿಟ್ಟೀನಿ’ ಎಂಬ ದನಿ ತುಂಬಿತು. ಕಾಶಿ ಎಂಬ ಎರಡಕ್ಷರ ಬರುವುದರೊಳಗೆ ಅವನು, ‘ಬಂದ್ವಿ, ಬಂದ್ವಿ’ ಎಂದು ಕಟ್ ಮಾಡಿದ. ವಿಜಯಶ್ರೀ ನಕ್ಕು, ‘ನೀರ್ಯಾಕ ಕಾಸ್ಯಾರ ಈ ಬ್ಯಾಸಗ್ಯಾಗ?’ ಎಂದಳು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ‘ರೀ, ಆ ದಿನ ಫೋನು ಬಂದ್ ಬಿದ್ದಿರಲಿಲ್ಲ. ನಾನ ಬಂದ್ ಮಾಡಿ ಇಟ್ಟಿದ್ನಿ. ನಿಮಗ ಸುಳ್ಳು ಹೇಳಿದ್ನಿ, ಅವತ್ತಿಂದ ಚುಚ್ಚಾಕತ್ತೈತಿ’ ಎಂದಳು. ಯಾಕೆ ಎಂದು ಅವನು ಕೇಳಬೇಕಿತ್ತು. ಕೇಳಿದರೆ ಅವಳು ಹೇಳುತ್ತಾಳೆ, ಹೇಳುವವಳೇ ಅವಳು. ಗೋದಾಮಿನಲ್ಲಿ ಪಕ್ಕಕ್ಕೆ ಕೂತ ಆ ಮಾತು ಈಗ ಹಿಂದಿನ ಸೀಟಿನಲ್ಲಿ ಕೂತಿತ್ತು. ‘ಇರ್ಲಿ ಬಿಡು’ ಎಂದುಬಿಟ್ಟ. ತನ್ನ ಒಂದು ಸಣ್ಣ ಸುಳ್ಳನ್ನು ಅವಳು ಎಷ್ಟು ನಿರಾಯಾಸವಾಗಿ ತೆಗೆದು ಮುಂದಿಟ್ಟಳು! ಅದರ ಪಕ್ಕಕ್ಕೆ ತನ್ನದನ್ನೂ ಇಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮಸ್ಕಿಯ ಗುಡ್ಡ ಕಾಣಿಸಿತು. ಅವನು ಇಟ್ಟಿರಲಿಲ್ಲ.

ಅಕ್ಕನ ಮನೆಯ ಮುಂದೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿತ್ತು. ಬಾಗಿಲಲ್ಲಿ ಒಂದು ಮಣೆ, ಹಿತ್ತಾಳೆಯ ಪರಾತ, ತಂಬಿಗೆ. ಅಕ್ಕ ಇಳಕಲ್ ಸೀರೆ ಉಟ್ಟು ವಿಭೂತಿ ಹಚ್ಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಎದುರುಮನೆಯ ಪಕೀರಮ್ಮ, ಇನ್ನಿಬ್ಬರು ಓಣಿಯ ಹೆಂಗಸರು. ವಿಜಯಶ್ರೀ ನಗುತ್ತಲೇ ಇಳಿದು ಜೇನಿನ ಬಾಟಲಿ ಹಿಡಿದುಕೊಂಡು ನಡೆದಳು. ‘ಅಲ್ಲೇ ನಿಂದ್ರು ಯವ್ವ’ ಎಂದು ಅಕ್ಕ ಅವಳನ್ನು ಮಣೆಯ ಮೇಲೆ ಕೂಡಿಸಿ, ತಾನು ನೋಯುವ ಮಂಡಿಯನ್ನು ಹಿಡಿದುಕೊಂಡು ನೆಲಕ್ಕೆ ಕೂತು, ಅವಳ ಬೂಟಿನ ದಾರಕ್ಕೆ ಕೈ ಹಾಕಿದಳು. ‘ಏನ ಮಾಡಾಕತ್ತೀರಿ ಅಕ್ಕಾರ? ಬಿಡ್ರಿ, ದೊಡ್ಡಾರು ನೀವು’ ಎಂದು ವಿಜಯಶ್ರೀ ಗಾಬರಿಯಾಗಿ ಕಾಲು ಎಳೆದುಕೊಂಡಳು. ‘ಕಾಶಿಗೆ ಹೋಗಿ ಬಂದಾಕಿ ಮುಂದ ದೊಡ್ಡಾರು ಯಾರು, ಸಣ್ಣಾರು ಯಾರು? ಕೊಡು ಕಾಲು’ ಎಂದಳು ಅಕ್ಕ.

ವಿಜಯಶ್ರೀ ಅಂಗಳದ ತುದಿಗೆ ಚೀಲ ಹಿಡಿದು ನಿಂತಿದ್ದ ಗಂಡನ ಕಡೆ ನೋಡಿದಳು. ಬಹಳ ಹೊತ್ತೇನೂ ಅಲ್ಲ. ಅವಳು ಜಾಣೆ, ತಿಳಿಯಲು ಹೊತ್ತು ಬೇಕಾಗಲಿಲ್ಲ. ಸಿಟ್ಟು ಬರುತ್ತದೆಂದು ಅವನು ಕಾದ, ಬರಲಿಲ್ಲ. ಪಾಠ ಮುಗಿದ ಮೇಲೆ ಸುತ್ತಿ ಇಡುವ ಗೋಡೆಯ ನಕಾಶೆಯ ಹಾಗೆ ಅವಳ ಮುಖ ಮೆಲ್ಲಗೆ ಸುತ್ತಿಕೊಂಡಿತು. ಎಳೆದುಕೊಂಡಿದ್ದ ಕಾಲನ್ನು ಬೂಟು ಕಳಚಿ ತಾನೇ ಪರಾತದಲ್ಲಿ ಇಟ್ಟಳು. ಅಕ್ಕ ತಂಬಿಗೆಯಿಂದ ಬೆಚ್ಚನೆಯ ನೀರು ಸುರಿದು, ಹಿಮ್ಮಡಿಯನ್ನು, ಬೆರಳ ಸಂದುಗಳನ್ನು ತೊಳೆದು, ಸೆರಗಿನಿಂದ ಒರೆಸಿ, ಬಗ್ಗಿ ಹಣೆ ಮುಟ್ಟಿಸಿದಳು. ಸಂಗನಬಸವನನ್ನು ಎತ್ತಿ ಆಡಿಸಿದವಳ ತಲೆಯಲ್ಲಿ ಈಗ ಕಪ್ಪು ಕೂದಲು ಒಂದೂ ಇರಲಿಲ್ಲ. ‘ದರ್ಶನ ಚಲೋ ಆತೇನವ್ವ?’ ಎಂದು ತಲೆಯೆತ್ತದೆ ಕೇಳಿದಳು. ವಿಜಯಶ್ರೀ, ‘ಚಲೋ ಆತ್ರಿ ಅಕ್ಕಾರ’ ಎಂದಳು.

ಆ ಮಾತಿನಲ್ಲಿ ತಡೆ ಇತ್ತು. ಅವನಿಗೊಬ್ಬನಿಗೇ ಕೇಳುವ ತಡೆ. ತನಗಾಗಿ ಅವಳು ಸುಳ್ಳು ಹೇಳುತ್ತಿದ್ದಾಳೆ, ಎಡಗಡೆಯ ಸ್ಟೇರಿಂಗು, ನಂಬರಿನ ತಿರುವುಗಳು, ಜೈಲಿನ ಅಟ್ಟ, ಹೊಳೆ ಎಲ್ಲವನ್ನೂ ಮಠದ ಬಸ್ಸಿನ ಹೆಂಗಸರ ಗುಂಪಿಗೆ ಕೊಟ್ಟು ಕೂತಿದ್ದಾಳೆ ಎಂದು ತಿಳಿ‌ದಾಗ ಸಂಗನಬಸವನಿಗೆ ತಾನು ಮಾಡಿದ್ದು ಕಂಡಿತು. ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೇಳಿದ್ದು ಎಂದುಕೊಂಡಿದ್ದ. ಅವಳ ಪ್ರವಾಸವನ್ನೇ ತೆಗೆದುಕೊಂಡುಬಿಟ್ಟಿದ್ದ. ಪಕೀರಮ್ಮ ಮುಂದೆ ಬಂದು, ‘ಯವ್ವ, ನನ್ನ ಮೊಮ್ಮಗಳಿಗೊಂದು ದಾರ ಕೊಡಬೇ’ ಎಂದು ಕೈ ಚಾಚಿದಳು. ವಿಜಯಶ್ರೀ ಮತ್ತೆ ಗಂಡನ ಕಡೆ ನೋಡಿದಳು. ಅದನ್ನೂ ಅವನು ತಂದೇ ಇರುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನ ಕೈ ಜೇಬಿಗೆ ಹೋಯಿತು. ಪೊಟ್ಟಣ ಬೆರಳಿಗೆ ಸಿಕ್ಕಿತು.

‘ಅಕ್ಕಾ, ಆಕಿ ಕಾಶಿಗೆ ಹೋಗಿಲ್ಲ’ ಎಂದ. ದನಿ ಅವನಂದುಕೊಂಡದ್ದಕ್ಕಿಂತ ದೊಡ್ಡದಾಯಿತು, ಎದುರುಮನೆಯ ಕಟ್ಟೆಯ ಮೇಲೆ ಕೂತವರೂ ತಿರುಗಿ ನೋಡಿದರು. ‘ಯುರೋಪಿನ್ಯಾಗ ಒಂದು ಸಣ್ಣ ದೇಶ ಐತಿ. ಅಲ್ಲಿಗಿ ಹೋಗಿದ್ಲು. ಒಬ್ಬಾಕಿನ. ಆಕೀನ ಗಾಡಿ ಓಡಿಸ್ಕೊಂಡು ದೇಶ ಪೂರಾ ತಿರುಗ್ಯಾಳ, ಐವತ್ತು ತಿರುವಿನ ಘಾಟ ಏರ್ಯಾಳ. ನನ್ನೂ ಕರದಿದ್ಲು, ನಾ ಹೋಗಲಿಲ್ಲ. ಮಂದಿ ಏನಂತಾರೋ ಅಂತ ಕಾಶಿ ಅಂದ್ನಿ. ಆಕಿಗೆ ಇದು ಗೊತ್ತಾನ ಇರಲಿಲ್ಲ.’ ಹೇಳಿ ಮುಗಿಸಿದ ಮೇಲೆ ಕೈ ಎಲ್ಲಿಡಬೇಕೋ ತಿಳಿಯದೆ ಚೀಲವನ್ನು ಎದೆಗೆ ಹಿಡಿದುಕೊಂಡ. ಪಕೀರಮ್ಮ ಚಾಚಿದ್ದ ಕೈಯನ್ನು ಹಾಗೆಯೇ ಗಲ್ಲಕ್ಕೆ ಒಯ್ದಳು. ಅಕ್ಕನ ಕೈಯಲ್ಲಿ ತಂಬಿಗೆ ಇತ್ತು. ಅವಳು ಅವನನ್ನು ನೋಡಿದ ನೋಟ, ಸಣ್ಣವನಿದ್ದಾಗ ಹಾಲು ಚೆಲ್ಲಿ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದಾಗ ನೋಡಿದ್ದು. ‘ನನಗೂ ಹೇಳಬಾರದಿತ್ತೇನೋ?’ ಎಂದಳು. ಅಷ್ಟೇ. ಅವನಿಗೆ ಆ ಕಟ್ಟೆ, ಆ ಅಂಗಳ, ಆ ಬಿಸಿಲು ಯಾವುದರಲ್ಲೂ ನಿಲ್ಲಲು ಜಾಗವಿಲ್ಲ ಅನಿಸಿತು.

ಅಕ್ಕ ಅವನಿಂದ ಮುಖ ತಿರುಗಿಸಿ ವಿಜಯಶ್ರೀಯನ್ನು ಕೇಳಿದಳು: ‘ಅಲ್ಲಿ ಯಾವ ದೇವರೈತವ್ವ?’

‘ನಾ ಯಾವ ದೇವರನ್ನೂ ನೋಡಲಿಲ್ರಿ ಅಕ್ಕಾರ. ಗುಡ್ಡ ಅದಾವ, ಹೊಳಿ ಐತಿ. ಒಂದು ದೊಡ್ಡ ಕೆರಿ ಐತಿ.’

‘ಒಬ್ಬಾಕಿನ ಅಂದ್ರ, ಅಂಜಿಕಿ ಬರಲಿಲ್ಲ?’

‘ಮೊದಲ ದಿನ ಬಂತ್ರಿ.’

‘ಇವ ನೆನಪಾಗಲಿಲ್ಲೇನ?’ ಅಕ್ಕ ತಂಬಿಗೆಯ ಬಾಯಿಂದ ತಮ್ಮನ ಕಡೆ ತೋರಿಸಿದಳು. ಇಷ್ಟು ದಿನ ಗೋದಾಮಿನಲ್ಲಿ ಅವನು ಕೇಳಲಾರದೆ ಉಳಿದದ್ದನ್ನು ಅವಳು ಉಪ್ಪು ಹಾಕಿದ್ದೀಯಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿಬಿಟ್ಟಿದ್ದಳು. ಸಂಗನಬಸವ ನೆಲ ನೋಡಿದ. ಈಗ ಬೇಡವೆಂದರೂ ಕೇಳಬೇಕು. ವಿಜಯಶ್ರೀಯ ದನಿ ಬಂತು, ತಡೆಯಿಲ್ಲದ ದನಿ: ‘ನೆನಪಾದ್ರು. ದಿನಾ ಆಗ್ತಿದ್ರು. ಒಂದು ದಿನ ಆಗಲಿಲ್ರಿ ಅಕ್ಕಾರ. ಆ ಕೆರಿ ದಂಡಿಗೆ ಕುಂತಿದ್ನಿ. ಯಾರೂ ಬ್ಯಾಡ ಅನಿಸ್ತು. ಇವರೂ ಬ್ಯಾಡ, ಮಗಳೂ ಬ್ಯಾಡ. ಫೋನು ಬಂದ್ ಮಾಡಿ ಹೊತ್ತು ಮುಣಗೋತನ ಕುಂತ್ನಿ. ಅಷ್ಟು ಸಮಾಧಾನ ನನಗ ಹುಟ್ಟಿದಾಗಿಂದ ಆಗಿದ್ದಿಲ್ಲ.’ ಉಸಿರು ತೆಗೆದುಕೊಂಡಳು. ‘ಮರುದಿನ ಕಣ್ಣು ಬಿಟ್ಟ ಕೂಡ್ಲೆ ಅದನ್ನ ಹೇಳಬೇಕನಿಸ್ತು. ಯಾರಿಗೆ ಹೇಳಬೇಕಂದ್ರ ಇವರಿಗಾನ.’

ಓಣಿಯಲ್ಲಿ ಯಾರೋ ಬೈಕು ಬಂದ್ ಮಾಡಿದರು. ಅಕ್ಕ ಪರಾತದ ನೀರನ್ನು ನೋಡುತ್ತ ಕೂತಿದ್ದಳು. ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಹದಿನಾರು ವರ್ಷ. ಅತ್ತೆ, ಮಾವ, ಮೈದುನರು, ಗಂಡ, ಮಕ್ಕಳು, ಒಬ್ಬರಾದ ಮೇಲೊಬ್ಬರಿಗೆ ಉಣ್ಣಿಸಿ ಕಳಿಸಿದವಳು. ಅವಳು ಏನಾದರೂ ಬೇಕೆಂದು ಕೇಳಿದ್ದು ಸಂಗನಬಸವನಿಗೆ ನೆನಪಿರಲಿಲ್ಲ. ‘ಯಾರೂ ಬ್ಯಾಡ ಅನಿಸೋ ದಿನ ನನಗೂ ಬಾಳ ಬಂದಾವವ್ವ’ ಎಂದಳು ಅಕ್ಕ. ‘ಎಲ್ಲಿಗಿ ಹೋಗಬೇಕಂತ ಗೊತ್ತಿರಲಿಲ್ಲ.’

ಒದ್ದೆಯಾದ ಸೆರಗನ್ನು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಿಜಯಶ್ರೀಯ ಇನ್ನೊಂದು ಕಾಲು ಬೂಟಿನೊಳಗೇ ಇತ್ತು. ಅದರ ದಾರವನ್ನು ಬಿಚ್ಚಿ, ಬೂಟನ್ನು ಕಳಚಿ ಪಕ್ಕಕ್ಕಿಟ್ಟಳು.

‘ಈ ಕಾಲೂ ಕೊಡು’ ಎಂದಳು. ‘ಲೇ ಸಂಗ್ಯಾ, ಏನ ನೋಡಾಕತ್ತಿ? ಬಾ, ನೀರು ಹಾಕು.’

ಅವನು ಬಂದು ಬಗ್ಗಿ ತಂಬಿಗೆ ತೆಗೆದುಕೊಂಡು ನೀರು ಹಾಕಿದ.